ಕಮಲಾಕ್ಷಿ ಆಂಟಿ ಹಾಕಿದ ಒಂದು ಓಟು

ಎಂಟನೇ ಹೆನ್ರಿಯ ಆರು ಜನ ಹೆಂಡಿರ ಹೆಸರನ್ನು ಕಮಲಾಕ್ಷಿ ಆಂಟಿ ಸಂವತ್ಸರ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದರು. ಪ್ರಭವ, ವಿಭವ, ಶುಕ್ಲ ಅಂದ ಹಾಗೆ ಕ್ಯಾಥರೀನ್, ಆನ್, ಜೇನ್, ಮತ್ತೆ ಆನ್, ಮತ್ತೆ ಕ್ಯಾಥರೀನ್, ಮತ್ತೂ ಒಬ್ಬಳು ಕ್ಯಾಥರೀನ್. ಕೈ ತನ್ನ ಪಾಡಿಗೆ ಹುರುಳಿಕಾಯಿಯ ನಾರು ತೆಗೆಯುತ್ತಿರುತ್ತಿತ್ತು. ಇಬ್ಬರ ತಲೆ ತೆಗೆಸಿದ ಅನ್ನುವ ಕಡೆ ಬಂದಾಗ ಕಾಯಿಯ ಎರಡೂ ತುದಿ ಪಟ್ ಪಟ್ ಅಂತ ಮುರಿಯುತ್ತಿದ್ದರು. ಅಮೆರಿಕದ ನಾರ್ತ್‌ವಿಲ್‌ನಲ್ಲಿ ಅವರ ಮಗಳ ಮನೆಯ ಅಡುಗೆಮನೆಯಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನಾನು ಕಾಫಿ ಲೋಟ ಹಿಡಿದು ಬೆಪ್ಪಾಗಿ ನಿಂತಿದ್ದೆ.

"ಇದೆಲ್ಲ ಯಾರಿಗೆ ಬೇಕಾಗಿತ್ತು ಆಂಟಿ?" ಅಂದೆ.

"ಇಂಗ್ಲೆಂಡಿನಲ್ಲಿ ಇರಬೇಕು ಅಂದ್ರೆ ಬೇಕಾಗಿತ್ತು ಕಣೇ. ಪರೀಕ್ಷೆ ಇಟ್ಟಿದ್ರು. ನಮ್ಮ ಯಜಮಾನರು ಮೊದಲ ಸಲ ಫೇಲು. ಕ್ರಿಕೆಟ್ ಒಂದು ಓದ್ಕೊಂಡು ಹೋಗಿದ್ರು, ಪಾಪ."

ಆಂಟಿ ಈಗ ಇಲ್ಲಿಲ್ಲ. ತುಮಕೂರಿನಲ್ಲಿ ತಂಗಿಯ ಮನೆಯ ಮಹಡಿ ಕೋಣೆಯಲ್ಲಿದ್ದಾರೆ. ಈ ದೇಶಕ್ಕೆ ಅವರು ಇನ್ನು ಎಂದೆಂದಿಗೂ ಬರುವ ಹಾಗಿಲ್ಲ. ಯಾಕೆ ಅಂತ ಹೇಳಲು ಹೊರಟರೆ ನನಗೆ ಈಗಲೂ ಮೈ ಉರಿಯುತ್ತದೆ. ಉರಿಯಲ್ಲಿ ಏನಾದರೂ ಅಂದುಬಿಡುವ ಮೊದಲು ಅವರು ಎಂಥವರು ಅನ್ನುವುದನ್ನು ಹೇಳಿಬಿಡುತ್ತೇನೆ.

ಅವರು ತುಮಕೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ಸಮಾಜ ಪಾಠ ಮಾಡಿದವರು. ಚುನಾವಣೆ ಡ್ಯೂಟಿ ಬಂದರೆ ಬೇರೆ ಮೇಷ್ಟರುಗಳೆಲ್ಲ ಡಾಕ್ಟರ ಸರ್ಟಿಫಿಕೇಟು ಹುಡುಕುತ್ತಿದ್ದಾಗ ಇವರು ಮದುವೆಮನೆಗೆ ಹೊರಟವರ ಹಾಗೆ ಹೊರಡುತ್ತಿದ್ದರಂತೆ. ಪಾವಗಡದ ಕಡೆಯ ಯಾವುದೋ ಹಳ್ಳಿಯ ಶಾಲೆಯಲ್ಲಿ ಓಟಿನ ಪೆಟ್ಟಿಗೆಯ ಪಕ್ಕ ಚಾಪೆ ಹಾಸಿ ಮಲಗಿದ್ದನ್ನು, ಬೆರಳಿಗೆ ಇಂಕು ಹಚ್ಚಲು ಹೋದರೆ ಮುದುಕಿಯೊಬ್ಬಳು ಅರಿಶಿನವೆಂದು ತಿಳಿದು ಕೆನ್ನೆ ಒಡ್ಡಿದ್ದನ್ನು ಎಷ್ಟು ಸಲ ಹೇಳಿದರೂ ಅವರಿಗೆ ದಣಿವಿರಲಿಲ್ಲ. "ಓಟು ಹಾಕದೋರಿಗೆ ರಸ್ತೆ ಗುಂಡಿ ಬಗ್ಗೆ ಬಾಯಿ ಬಿಡೋ ಹಕ್ಕಿಲ್ಲ" ಅನ್ನುವುದು ಅವರ ಖಾಯಂ ಮಾತು. ನಮ್ಮ ಮನೆಯ ಎದುರಿನ ರಸ್ತೆಯ ಗುಂಡಿಯನ್ನು ನಾನು ಬೈದಾಗಲೆಲ್ಲ ಈ ಮಾತು ಕೇಳಿಸಿಕೊಂಡಿದ್ದೇನೆ.

ಗಂಡ ಶ್ರೀಕಂಠಯ್ಯನವರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಮಗಳು ವಿನುತಾಳನ್ನು ಕರೆದುಕೊಂಡು ಮೂವರೂ ಅಲ್ಲಿಗೆ ಹೋದರು. ಅಲ್ಲಿ ನೆಲೆಸಲು ಅನುಮತಿ ಬೇಕೆಂದರೆ ಆ ದೇಶದ ಚರಿತ್ರೆ, ರೀತಿ ರಿವಾಜು, ಸರ್ಕಾರ ಎಲ್ಲ ಓದಿ ಪರೀಕ್ಷೆ ಪಾಸು ಮಾಡಬೇಕು. ರೋಮನ್ನರು ಕಟ್ಟಿದ ಗೋಡೆಯಿಂದ ಹಿಡಿದು ಪಬ್ಬಿಗೆ ಹೋಗುವ ವಯಸ್ಸಿನ ತನಕ ಆಂಟಿ ಅರೆದು ಕುಡಿದರು. ಅನುಮತಿ ಸಿಕ್ಕಿತು. ಪಾಸ್‌ಪೋರ್ಟ್ ಮಾತ್ರ ಇಂಡಿಯಾದ್ದೇ ಇರಲಿ ಅಂತ ಶ್ರೀಕಂಠಯ್ಯನವರು ಹಠ ಹಿಡಿದದ್ದರಿಂದ ಇಬ್ಬರೂ ಇಂಡಿಯಾದ ಪ್ರಜೆಗಳಾಗಿಯೇ ಉಳಿದರು. ಆಮೇಲೆ ಶ್ರೀಕಂಠಯ್ಯನವರು ಅಲ್ಲೇ ತೀರಿಕೊಂಡರು.

ಅಷ್ಟು ಹೊತ್ತಿಗೆ ವಿನುತಾ ಡೆಟ್ರಾಯಿಟ್ ಕಡೆಗೆ ಬಂದು ಅಮೆರಿಕದ ಪ್ರಜೆಯಾಗಿದ್ದಳು. ಅವಳ ಮದುವೆ ಮುರಿದಿತ್ತು. ಕಂಕುಳಲ್ಲಿ ಅನಿಕಾ ಅನ್ನುವ ಕೂಸು, ಕಾರಿನ ಕಂಪನಿಯಲ್ಲಿ ಹೊತ್ತು ಗೊತ್ತಿಲ್ಲದ ಕೆಲಸ. ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಳು. ಆಂಟಿ ಲೆಸ್ಟರ್ ಮನೆ ಖಾಲಿ ಮಾಡಿ ಬಂದು ಆ ಮಗುವನ್ನು ಎತ್ತಿಕೊಂಡವರು ಮತ್ತೆ ಇಳಿಸಲಿಲ್ಲ. ಎರಡು ವರ್ಷ ಹೊರಗಿದ್ದದ್ದಕ್ಕೆ ಇಂಗ್ಲೆಂಡಿನ ಅನುಮತಿಯೂ ಹೋಯಿತು. "ಹೋಗ್ಲಿ ಬಿಡು. ನಂಗಿನ್ನು ಬೇರೆ ಯಾವ ಊರೂ ಬೇಡ. ಇವಳ ಸಡಗರ ನೋಡ್ಕೊಂಡು ಇಲ್ಲೇ ಕಣ್ಣು ಮುಚ್ಚೋದು" ಅನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಅವರಿಗೆ ಅಂಟಿಕೊಂಡದ್ದು ಶನಿವಾರದ ಕ್ಲಾಸಿನಿಂದ. ಈ ದೇಶದ ಪ್ರಜೆಯಾಗಲೂ ಒಂದು ಪರೀಕ್ಷೆ ಇದೆ, ಆಫೀಸಿನಲ್ಲಿ ಎದುರು ಕೂರಿಸಿಕೊಂಡು ಬಾಯಲ್ಲೇ ಕೇಳುತ್ತಾರೆ. ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾದು ಕೂದಲು ಹಣ್ಣಾದ ನನ್ನಂಥವರು, ಮಕ್ಕಳ ಮನೆಗೆ ಬಂದು ಉಳಿದ ಅಪ್ಪ ಅಮ್ಮಂದಿರು, ಎಲ್ಲ ಸೇರಿ ಎಂಟು ಹತ್ತು ಜನ ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಕೂರುತ್ತಿದ್ದೆವು. ಆಂಟಿ ಬಿಳಿ ಸ್ನೀಕರ್ಸ್ ಮೇಲೆ ಇಳಕಲ್ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋರ್ಡಿನ ಮುಂದೆ ನಿಂತರೆ ಬ್ಯಾಂಕ್ ಮ್ಯಾನೇಜರಾಗಿ ರಿಟೈರಾದ ರಾಮಸ್ವಾಮಿ ಅಂಕಲ್ ಕೂಡ ಎಂಟನೇ ಕ್ಲಾಸಿನ ಹುಡುಗನಾಗುತ್ತಿದ್ದರು.

"ಇವರದ್ದು ಇನ್ನೂರೈವತ್ತು ವರ್ಷದ ಚರಿತ್ರೆ. ನಮ್ಮ ಕಡೆ ಇದಕ್ಕಿಂತ ಹಳೇ ಬಾವಿಗಳಿವೆ. ಹೆದರಬೇಡಿ" ಅಂತಲೇ ಶುರು ಮಾಡುತ್ತಿದ್ದರು. ಅಮೆರಿಕವನ್ನು ಅವರು ಅರ್ಥ ಮಾಡಿಸಿದ್ದು ಇಂಗ್ಲೆಂಡಿನ ಮೂಲಕ. "ಇದು ಭಾಗ ಆದ ಮನೆ. ದೊಡ್ಡ ಮನೆಯಿಂದ ಜಗಳ ಆಡ್ಕೊಂಡು ಬೇರೆ ಬಂದ ತಮ್ಮ ಇವನು. ಜಗಳ ಏನೇ ಇರ್ಲಿ, ಪಾತ್ರೆ ಪಗಡ ಎಲ್ಲ ಅಲ್ಲಿಂದಾನೇ ತಂದಿರೋದು. ರಾಜ ಒಬ್ಬನ್ನ ಬಿಟ್ಟು ಬಂದ್ರು, ಅಷ್ಟೇ." ಕಾನೂನಿಗೆ ಎಲ್ಲರೂ ತಲೆಬಾಗಬೇಕು, ತಪ್ಪು ಮಾಡಿದವನ ಮಾತನ್ನೂ ಕೇಳಬೇಕು, ಇವೆಲ್ಲ ಆ ದೊಡ್ಡ ಮನೆಯ ಪಾತ್ರೆಗಳು. ಇಂಗ್ಲೆಂಡಿನ ಪುಸ್ತಕದಲ್ಲಿ ಓದಿದ 'ಫೇರ್ ಪ್ಲೇ' ಅನ್ನುವ ಮಾತನ್ನಂತೂ ಅವರು ಧರ್ಮ ಅನ್ನುವ ಶಬ್ದಕ್ಕೆ ಬದಲಾಗಿಯೇ ಬಳಸುತ್ತಿದ್ದರು.

ನಮ್ಮವರ ಎರಡು ರೋಗಗಳಿಗೆ ಅವರು ಮದ್ದು ಹುಡುಕಿದ್ದರು. ತಲೆ ಅಲ್ಲಾಡಿಸುವುದು ಒಂದು. "ನಿಮ್ಮ ತಲೆ ಆ ಕಡೆ ಈ ಕಡೆ ತೂಗಾಡಿದ್ರೆ ಆ ಆಫೀಸರಿಗೆ ಹೌದೋ ಅಲ್ವೋ ಏನು ಗೊತ್ತಾಗಬೇಕು?" ಅಂತ ಪ್ರತಿಯೊಬ್ಬರ ತಲೆಯ ಮೇಲೂ ಒಂದು ಪುಸ್ತಕ ಇಟ್ಟು ಪ್ರಶ್ನೆ ಕೇಳುತ್ತಿದ್ದರು. ರಾಮಸ್ವಾಮಿ ಅಂಕಲ್ ತಲೆಯಿಂದ ಬಿದ್ದಷ್ಟು ಪುಸ್ತಕ ಆ ಲೈಬ್ರರಿಯ ಶೆಲ್ಫಿನಿಂದಲೂ ಬಿದ್ದಿರಲಾರದು. ಇನ್ನೊಂದು ರೋಗ ವಿವರಣೆ. ಕಾನೂನು ಮಾಡುವವರು ಯಾರು ಅಂತ ಕೇಳಿದರೆ ಅಂಕಲ್ "ಸೀ, ಬೇಸಿಕಲಿ" ಅಂತ ಶುರು ಮಾಡಿ ಅಂಬೇಡ್ಕರರ ತನಕ ಹೋಗಿಬಿಡುತ್ತಿದ್ದರು.

"ಅಂಕಲ್, ಬಡಿಸಿದಷ್ಟು ಊಟ, ಕೇಳಿದಷ್ಟು ಉತ್ತರ. ಕಾಂಗ್ರೆಸ್ ಅನ್ನಿ, ಬಾಯಿ ಮುಚ್ಚಿ."

"ಯಾವ ಕಾಂಗ್ರೆಸ್ ಅಂತ ಹೇಳೋದು ಬೇಡ್ವಾ ಮೇಡಂ?"

"ಬೇಡ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಂಕಲ್ ಪಾಸಾದರು. ನನಗೆ ಗೊತ್ತಿರುವ ಮಟ್ಟಿಗೆ ಆಂಟಿಯ ಕ್ಲಾಸಿಗೆ ಬಂದು ಫೇಲಾದವರೇ ಇಲ್ಲ.

ಚರಿತ್ರೆಯ ಪ್ರಶ್ನೆ ಮುಗಿದ ಮೇಲೆ ಆಫೀಸರು ಹೌದು-ಇಲ್ಲ ಪ್ರಶ್ನೆಗಳನ್ನು ಕೇಳುತ್ತಾರೆ. ಜೈಲಿಗೆ ಹೋಗಿದ್ದೀರಾ, ಕುಡುಕರಾ, ಜೂಜಾಡಿದ್ದೀರಾ, ಹೀಗೆ. ಆಂಟಿ ಅದನ್ನೂ ಅಭ್ಯಾಸ ಮಾಡಿಸುತ್ತಿದ್ದರು. ಕ್ಲಾಸು ಶುರುವಾದ ಹೊಸದರಲ್ಲಿ ಒಂದು ಶನಿವಾರ ನನ್ನನ್ನು ಎದುರು ಕೂರಿಸಿಕೊಂಡು ಆಫೀಸರ ಗತ್ತಿನಲ್ಲಿ ಒಂದೊಂದೇ ಓದುತ್ತಾ ಬಂದರು. ಈ ದೇಶದ ಯಾವುದೇ ಚುನಾವಣೆಯಲ್ಲಿ ನೀವು ಎಂದಾದರೂ ಓಟು ಹಾಕಿದ್ದೀರಾ ಅನ್ನುವ ಪ್ರಶ್ನೆ ಓದಿದರು. ನಾನು "ನೋ" ಅಂದೆ. ಆಂಟಿ ಮುಂದಿನದನ್ನು ಓದಲಿಲ್ಲ. ಅದೇ ಸಾಲನ್ನು ಮತ್ತೆ ತುಟಿ ಅಲ್ಲಾಡಿಸಿಕೊಂಡು ಓದಿದರು. ಮುಖ ಬಿಳಚಿಕೊಂಡಿತು. ಶುಗರ್ ಇಳಿದಿರಬೇಕು ಅಂತ ನಾನು ಬ್ಯಾಗಿನಲ್ಲಿದ್ದ ಕಡ್ಲೆ ಚಿಕ್ಕಿ ಮುರಿದು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ "ಇವತ್ತು ಸಾಕು" ಅಂದರು. ಅಲ್ಲಿಂದ ಮುಂದೆ ಆ ಭಾಗವನ್ನು ಬೇರೆ ಯಾರಿಂದಾದರೂ ಓದಿಸುತ್ತಿದ್ದರು.

ಗ್ರೀನ್ ಕಾರ್ಡ್ ಬಂದು ಐದು ವರ್ಷ ಆದರೆ ಅರ್ಜಿ ಹಾಕಬಹುದು. ಆಂಟಿಗೂ ಐದು ವರ್ಷ ಆಯಿತು. ನಾನು ಪ್ರಮಾಣವಚನ ಮುಗಿಸಿ ಬಂದ ಸಂಜೆ ರವೆ ಉಂಡೆ ಕಟ್ಟಿಕೊಂಡು ನಮ್ಮ ಮನೆಗೆ ಬಂದಿದ್ದರು. ಅಲ್ಲಿದ್ದವರೆಲ್ಲ ಅವರಿಗೇ ಗಂಟು ಬಿದ್ದರು: ಎಲ್ಲರನ್ನೂ ಪಾಸು ಮಾಡಿಸ್ತೀರಿ, ನೀವ್ಯಾವಾಗ? "ಮೈಲಿಗಲ್ಲು ದಾರಿ ತೋರಿಸುತ್ತೆ, ತಾನು ಊರಿಗೆ ಹೋಗುತ್ತಾ?" ಅಂತ ನಗಿಸಿ ಎಲೆಅಡಿಕೆ ಹುಡುಕುವ ನೆಪದಲ್ಲಿ ಒಳಗೆ ಹೋದರು. ವಿನುತಾ ಬಿಡುವವಳಲ್ಲ. "ಈಗಿನ ಕಾಲದಲ್ಲಿ ಗ್ರೀನ್ ಕಾರ್ಡ್ ನಂಬ್ಕೊಂಡು ಕೂತ್ಕೋಬಾರದಮ್ಮಾ. ನೀನು ಹೂಂ ಅನ್ನು, ನಾನು ಅಪ್ಲೈ ಮಾಡ್ತೀನಿ" ಅಂತ ದಿನಾ ಅದೇ ಮಾತು. ಆಂಟಿ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಪಕ್ಕದ ಊರು ನೋವೈನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ, ನನ್ನ ಕಾರಿನಲ್ಲಿ ಕೂತು, ಮಡಿಲಲ್ಲಿ ಮೆಂತ್ಯ ಸೊಪ್ಪಿನ ಚೀಲ ಇಟ್ಟುಕೊಂಡು ಅವರು ಬಾಯಿ ಬಿಟ್ಟರು.

"ಸುಧಾ, ನಾನೊಂದು ಓಟು ಹಾಕಿದೀನಿ ಕಣೇ."

"ಎಲ್ಲಿ?"

"ಇಲ್ಲೇ. ಬಂದ ಹೊಸದ್ರಲ್ಲಿ. ಲೈಬ್ರರಿಗೆ ತೆರಿಗೆ ಮುಂದುವರಿಸಬೇಕಾ ಬೇಡ್ವಾ ಅಂತ ಕೇಳಿದ್ರಲ್ಲ, ಅದಕ್ಕೆ." ಕಿಟಕಿಯಿಂದ ಅಂಗಡಿಯ ಬಾಗಿಲಿನ ಕಡೆ ಬೆರಳು ತೋರಿಸಿದರು. "ಅಲ್ಲಿ ಟೇಬಲ್ ಹಾಕ್ಕೊಂಡು ಒಂದು ಹುಡುಗಿ ನಿಂತಿತ್ತು. ಓಟರ್ ಪಟ್ಟೀಲಿ ಹೆಸರಿದೆಯಾ ಅಂತ ಕೇಳಿತು. ನಂಗೆ ನಾಚಿಕೆ ಆಗೋಯ್ತು. ಬಂದು ಎಂಟು ತಿಂಗಳಾದ್ರೂ ಸೇರಿಸಿಲ್ವಲ್ಲ ಅಂತ."

ನನಗೆ ತಲೆಬುಡ ತಿಳಿಯಲಿಲ್ಲ. ಇಂಥ ವಿಷಯ ಬಲ್ಲವರು ಇಂಥ ತಪ್ಪು ಮಾಡುವುದು ಹೇಗೆ? ಆಮೇಲೆ ಅವರೇ ಬಿಡಿಸಿ ಹೇಳಿದರು. ಇಂಗ್ಲೆಂಡಿನಲ್ಲಿ ಇಂಡಿಯಾದಂಥ ಕಾಮನ್‌ವೆಲ್ತ್ ದೇಶದವರು ಅಲ್ಲಿನ ಪ್ರಜೆಗಳಾಗದಿದ್ದರೂ ಕಾನೂನುಬದ್ಧವಾಗಿ ವಾಸವಿದ್ದರೆ ಓಟು ಹಾಕಬಹುದು. ಪಾರ್ಲಿಮೆಂಟಿಗೂ ಹಾಕಬಹುದು. ಮನೆಮನೆಗೆ ಕಾಗದ ಬರುತ್ತದೆ, ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಸದಿದ್ದರೆ ದಂಡ ಕೂಡ ಹಾಕಬಹುದು. ಇದೆಲ್ಲ ಅವರು ಪರೀಕ್ಷೆಗೆ ಓದಿದ್ದು, ಹದಿನೈದು ವರ್ಷ ಹಾಗೇ ನಡೆದುಕೊಂಡದ್ದು. ಗಂಡನ ತೋಳು ಹಿಡಿದುಕೊಂಡು ಚರ್ಚಿನ ಹಾಲಿಗೆ ಹೋಗಿ, ದಾರ ಕಟ್ಟಿದ ಪೆನ್ಸಿಲಿನಲ್ಲಿ ಗುರುತು ಹಾಕಿ ಬರುತ್ತಿದ್ದವರು ಅವರು. ಇಲ್ಲಿ ಆ ಹುಡುಗಿಗೆ "ನಾನು ಇಲ್ಲೇ ಪರ್ಮನೆಂಟಾಗಿ ಇರೋಳು, ಕಾರ್ಡಿದೆ" ಅಂದರಂತೆ. ಗ್ರೇಟ್ ಅಂತ ಹೇಳಿ ಹುಡುಗಿ ತಾನೇ ತುಂಬಿಸಿ ಪೆನ್ನು ಕೊಟ್ಟಿತಂತೆ. ಭಾಗವಾಗಿ ಬಂದ ಮನೆಯಲ್ಲೂ ಅದೇ ಪಾತ್ರೆ ಇರುತ್ತದೆ ಅಂತ ಆಂಟಿ ಸಹಿ ಹಾಕಿದರು.

"ಹೋಗ್ಲಿ ಬಿಡಿ ಆಂಟಿ, ಯಾರಿಗೆ ಗೊತ್ತಾಗುತ್ತೆ?"

"ನಾನೇ ಹೇಳಿದೀನಿ."

"ಯಾರಿಗೆ?"

"ಟೌನ್‌ಶಿಪ್ ಆಫೀಸಿಗೆ ಹೋಗಿ ಹೇಳಿದೆ. ಆ ಕ್ಲಾಸಿನಲ್ಲಿ ಪ್ರಶ್ನೆ ಓದಿದ್ನಲ್ಲ, ಅದರ ಸೋಮವಾರಾನೇ. ನಾನು ಸಿಟಿಜನ್ ಅಲ್ಲ, ಗೊತ್ತಿಲ್ದೆ ಹಾಕಿದೆ, ಪಟ್ಟಿಯಿಂದ ನನ್ನ ಹೆಸರು ತೆಗೀರಿ ಅಂದೆ. ಪಾಪ, ಒಳ್ಳೆ ಹೆಂಗಸು. ಥ್ಯಾಂಕ್ಯೂ ಅಂತ ಹೇಳಿ ಬರ್ಕೊಂಡಳು."

ನಾನು ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡೆ. ಹರಿಶ್ಚಂದ್ರನ ವಂಶದವರು ನಮ್ಮ ಬಡಾವಣೆಗೇ ಬಂದು ಸೇರಬೇಕಿತ್ತೇ ಅಂತ ಸಿಟ್ಟೂ ಬಂತು, ಅಳುವೂ ಬಂತು.

ಲಾಯರನ್ನು ನೋಡಲೇಬೇಕಿತ್ತು. ಡೆಟ್ರಾಯಿಟಿನಲ್ಲಿ ನೋಡಿದರೆ ವಾರದೊಳಗೆ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಸುದ್ದಿ ಬಡಿಸಿಬಿಡುತ್ತಾರೆ. ಶಿಕಾಗೋ ಕಡೆ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕಿರಣ್ ಅನ್ನುವ ಹುಡುಗನಿದ್ದ, ನನ್ನ ಗಂಡನ ಸ್ನೇಹಿತರ ಮಗ, ಇಲ್ಲೇ ಹುಟ್ಟಿದವನು, ಇಂಥ ಕೇಸುಗಳನ್ನೇ ನಡೆಸುವವನು. ಶಿಕಾಗೋದ ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಅಂತ ವಿನುತಾಳಿಗೆ ನಾನು ಹೇಳಿದೆ. ಆಂಟಿ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬಂದು ಕೂತರು. ಕಾರು ಫ್ರೀವೇ ಸೇರಿದ ಮೇಲೆ, "ಅವಳಿಗೆ ಹಾಗೆ ಹೇಳಿದೀಯಲ್ಲ, ವಾಪಸ್ ಬರ್ತಾ ದೇವಸ್ಥಾನಕ್ಕೆ ಹೋಗ್ಲೇಬೇಕು. ಇಲ್ದಿದ್ರೆ ಸುಳ್ಳಾಗುತ್ತೆ" ಅಂದರು. ಮುನ್ನೂರು ಮೈಲಿ ಹೋಗಿ ಮುನ್ನೂರು ಮೈಲಿ ಬರಬೇಕು. ನನಗೆ ಆ ಮಾತಿಗೆ ನಗಲೂ ಆಗಲಿಲ್ಲ.

ಶಿಕಾಗೋ ಹತ್ತಿರವಾದಂತೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಾನು ಅದನ್ನು ಹೇಳಿದಾಗ ಆಂಟಿ ಹೊರಗೆ ನೋಡಿಕೊಂಡು, "ಇನ್ನೊಂದು ನಾಲ್ಕೈದು ವರ್ಷ ಹಿಂದಕ್ಕೆ ಹೋಗೋ ರಸ್ತೆ ಯಾವುದಾದ್ರೂ ಇದ್ರೆ ತಿರುಗಿಸು" ಅಂದರು.

ಕಿರಣ್ ಒಳ್ಳೆಯ ಹುಡುಗ. ಆಂಟಿಯ ಕಾಲಿಗೆ ನಮಸ್ಕಾರ ಮಾಡಿ ಕೂರಿಸಿದ. ಪೂರ್ತಿ ಕೇಳಿಸಿಕೊಂಡ. ಟೌನ್‌ಶಿಪ್ ಆಫೀಸಿಗೆ ಹೋಗಿ ಹೇಳಿದ ವಿಷಯ ಬಂದಾಗ ಕಣ್ಣು ಮುಚ್ಚಿಕೊಂಡ.

"ಆಂಟಿ, ಪ್ಲೀಸ್ ಲಿಸನ್ ಟು ಮಿ. ಅಪ್ಲೈ ಮಾಡಬೇಡಿ. ಟ್ರಾವೆಲ್ ಮಾಡಬೇಡಿ. ಸುಮ್ನೆ ಇರಿ."

"ಎಷ್ಟು ದಿನ?"

"ಯಾವಾಗ್ಲೂ."

"ಗೊತ್ತಿಲ್ದೆ ಮಾಡಿದ್ದಪ್ಪ. ಇಂಗ್ಲೆಂಡಿನಲ್ಲಿ..."

"ಐ ನೋ, ಆಂಟಿ. ಬಟ್ ದಟ್ಸ್ ಇಂಗ್ಲೆಂಡ್. ಇಲ್ಲಿ ಲಾ ಅದನ್ನ ಕೇಳೋದೇ ಇಲ್ಲ. ಓಟು ಹಾಕಿದ್ರಾ, ಇಲ್ವಾ, ಅಷ್ಟೇ. ನಿಮ್ಮನ್ನ ವಾಪಸ್ ಕಳಿಸಬಹುದು. ಒಂದು ಸಲ ಕಳಿಸಿದ್ರೆ ಮತ್ತೆ ಬರೋಕೆ ಬಿಡಲ್ಲ. ಗ್ರೀನ್ ಕಾರ್ಡ್ ಬಂದು ಇನ್ನೂ ಸ್ವಲ್ಪ ವರ್ಷ ಆಗಿದ್ದಿದ್ರೆ ಜಡ್ಜ್ ಹತ್ರ ಏನಾದ್ರೂ ಕೇಳಬಹುದಿತ್ತು. ಈಗ ಅದೂ ಆಗಲ್ಲ. ಆಗ್ಲೂ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ."

ವಾಪಸ್ ಬರುವಾಗ ದೇವಸ್ಥಾನಕ್ಕೆ ಹೋದೆವು. ಆಂಟಿ ಪ್ರದಕ್ಷಿಣೆ ಬರಲಿಲ್ಲ, ಕಂಬಕ್ಕೆ ಒರಗಿ ಕೂತೇ ಇದ್ದರು. ಕಾರಿನಲ್ಲಿ ಚಿತ್ರಾನ್ನದ ಡಬ್ಬಿ ತೆಗೆದು ನನಗೆ ಕೈತುತ್ತು ಹಾಕಿದರು, ತಾವು ತಿನ್ನಲಿಲ್ಲ.

ಆಮೇಲಿನ ಆರೇಳು ತಿಂಗಳು ನೆನೆಸಿಕೊಂಡರೆ ಸಂಕಟವಾಗುತ್ತದೆ. ಸುಮ್ಮನೆ ಇರುವುದು ಅಂದರೆ ಏನು ಅಂತ ನಾನು ಆಗ ನೋಡಿದೆ. ಕ್ಲಾಸು ನಿಂತಿತು. ಸೀರೆ ಉಟ್ಟು ಬಡಾವಣೆಗೆ ಎರಡು ಸುತ್ತು ಬರುತ್ತಿದ್ದವರು ಕಿಟಕಿಯ ಬ್ಲೈಂಡ್ಸ್ ಸರಿಸಿಕೊಂಡು ನೋಡುವಷ್ಟಕ್ಕೆ ಇಳಿದರು. ಗುರುತಿಲ್ಲದ ಕಾರು ಬೀದಿಯ ತಿರುವಿನಲ್ಲಿ ನಿಂತರೆ ಒಲೆ ಆರಿಸಿ ಮಹಡಿಗೆ ಹೋಗುತ್ತಿದ್ದರು. ಬೆಲ್ ಹೊಡೆದವನು ಪಿಜ್ಜಾ ತಂದ ಹುಡುಗನಾದರೂ ಬಾಗಿಲು ತೆಗೆಯುತ್ತಿರಲಿಲ್ಲ. ಟೀವಿಯಲ್ಲಿ ಯಾರನ್ನೋ ವಲಸೆ ಇಲಾಖೆಯವರು ಮನೆ ಮುಂದಿನಿಂದ ಹಿಡಿದುಕೊಂಡು ಹೋದ ಸುದ್ದಿ ಬಂದ ದಿನ ಅನಿಕಾಳನ್ನು ಸ್ಕೂಲ್ ಬಸ್ಸಿನ ತನಕ ಬಿಡಲೂ ಹೋಗಲಿಲ್ಲ. ಸಮಾಜ ಪಾಠದ ಟೀಚರಮ್ಮ ಕಳ್ಳಿಯ ಹಾಗೆ ಬದುಕತೊಡಗಿದ್ದರು.

ಕೊನೆಗೆ ಒಂದು ಭಾನುವಾರ ಮಗಳಿಗೆ ಎಲ್ಲ ಹೇಳಿದರು. ಜೊತೆಗೆ ನನ್ನನ್ನೂ ಕೂರಿಸಿಕೊಂಡಿದ್ದರು. ವಿನುತಾ ಕಿರುಚಾಡಿದಳು, ಅತ್ತಳು, ಆಮೇಲೆ ಅಮ್ಮನ ಕೈ ಹಿಡಿದುಕೊಂಡು, "ಆಯ್ತು. ಅಪ್ಲೈ ಮಾಡೋದು ಬೇಡ. ಹಿಂಗೇ ಇರು. ನಾನಿದೀನಲ್ಲ" ಅಂದಳು.

"ಹಿಂಗೆ ಇರೋಕಾಗಲ್ಲ ಮಗಾ. ನಾನು ಅಪ್ಲೈ ಮಾಡ್ತೀನಿ."

"ಮಾಡಿ ಏನಂತೀಯ? ನೋ ಅಂತೀಯಾ?"

"ಹೌದು ಅಂತೀನಿ. ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತ ಬೆನ್ನಿಗೆ ಹೊಡೆದಿರೋಳು ನಾನು. ತಪ್ಪು ಮಾಡಿದೀನಿ, ನಾನೇ ಹೋಗಿ ಒಪ್ಕೊಂಡಿದೀನಿ. ಅವರೂ ಮನುಷ್ಯರೇ. ಫೇರ್ ಪ್ಲೇ ಅಂತ ಒಂದಿದೆ ಕಣೇ. ಎದುರಿಗೆ ಕೂತು ಹೇಳಿದ್ರೆ ಅರ್ಥ ಆಗುತ್ತೆ."

ಕಿರಣ್ ಫೋನಿನಲ್ಲಿ ಒಂದು ಗಂಟೆ ಬೇಡಿಕೊಂಡ. ನಾನು ಜಗಳವಾಡಿದೆ. "ನೋ ಅಂದ್ಬಿಡಿ ಆಂಟಿ, ಒಂದೇ ಒಂದು ಶಬ್ದ" ಅಂತ ಕಾಲು ಹಿಡಿಯುವುದೊಂದು ಬಾಕಿ. ನನಗೆ ಅದರಲ್ಲಿ ಯಾವ ಪಾಪವೂ ಕಾಣಿಸಲಿಲ್ಲ, ಈಗಲೂ ಕಾಣಿಸುವುದಿಲ್ಲ. ಆಂಟಿ ಒಪ್ಪಲಿಲ್ಲ. ಅರ್ಜಿ ಹೋಯಿತು.

ಸಂದರ್ಶನದ ದಿನ ಡೆಟ್ರಾಯಿಟಿನ ಆಫೀಸಿಗೆ ವಿನುತಾ ಮತ್ತು ನಾನು ಕರೆದುಕೊಂಡು ಹೋದೆವು. ಕಿರಣ್ ಬೆಳಗಿನ ಜಾವ ಹೊರಟು ಬಂದು ಅವರ ಜೊತೆ ಒಳಗೆ ಹೋದ. ಆಂಟಿ ಗಂಡ ತಂದುಕೊಟ್ಟಿದ್ದ ನೀಲಿ ಮೈಸೂರು ರೇಷ್ಮೆ ಉಟ್ಟಿದ್ದರು. ಚರಿತ್ರೆಯ ಪ್ರಶ್ನೆಗಳಿಗೆ ಒಂದೂ ತಪ್ಪದೆ ಉತ್ತರ ಹೇಳಿದರಂತೆ. ವೆರಿ ಗುಡ್ ಅಂದನಂತೆ ಆಫೀಸರು. ಆಮೇಲೆ ಆ ಪ್ರಶ್ನೆ ಬಂತು.

ಹೊರಗೆ ಬಂದಾಗ ಅವರ ಮುಖದಲ್ಲಿ ಭಯವಿರಲಿಲ್ಲ, ಏನೂ ಇರಲಿಲ್ಲ. ಕುರ್ಚಿಯಲ್ಲಿ ಕೂತು ನೀರು ಕುಡಿದರು.

"ಹೌದು ಅಂದೆ."

"ಇಂಗ್ಲೆಂಡಿನ ವಿಷಯ ಹೇಳಿದ್ರಾ?" ಅಂದೆ.

"ಕಿರಣ್ ಹೇಳೋಕೆ ಹೋದ. ಆಮೇಲೆ ಬರೆದು ಕೊಡಿ ಅಂದ್ರು. ಎಲ್ಲಿ ಹಾಕಿದ್ರಿ, ಯಾವಾಗ ಹಾಕಿದ್ರಿ ಅಂತ ಕೇಳಿದ್ರು, ಹೇಳಿದೆ. ಯಾಕೆ ಅಂತ ಕೇಳ್ತಾರೇನೋ ಅಂತ ಕಾದೆ ಕಣೇ. ಯಾಕೆ ಅಂತ ಯಾರೂ ಕೇಳಲಿಲ್ಲ."

ಅರ್ಜಿ ತಿರಸ್ಕಾರವಾಯಿತು. ಹಿಂದೆಯೇ ವಲಸೆ ಕೋರ್ಟಿಗೆ ಬನ್ನಿ ಅಂತ ಕರೆ ಬಂತು. ಕಿರಣ್ ಫೀಸನ್ನೂ ತೆಗೆದುಕೊಳ್ಳದೆ ಓಡಾಡಿದ. ಜಡ್ಜು ಮರ್ಯಾದಸ್ಥರು, ತಮಗೆ ಸಹಾನುಭೂತಿ ಇದೆ ಆದರೆ ಕಾನೂನಿನಲ್ಲಿ ದಾರಿ ಇಲ್ಲ ಅಂದರು. ಅವರು ಮಾಡಬಹುದಾಗಿದ್ದದ್ದು ಒಂದೇ: ಹೊರದೂಡುವ ಆದೇಶದ ಬದಲು ತಾವಾಗಿಯೇ ಹೊರಟುಹೋಗಲು ಕೆಲವು ವಾರದ ಗಡುವು. ಹೇಗೆ ಹೋದರೂ ಹಾಗೆ ಓಟು ಹಾಕಿದವರು ಮತ್ತೆ ಬರುವ ಹಾಗಿಲ್ಲ. ಮೇಲ್ಮನವಿ ಹಾಕೋಣ ಅಂತ ವಿನುತಾ ಹಠ ಮಾಡಿದಳು. ಆಂಟಿ, "ಕೈಗೆ ಕೋಳ ಹಾಕಿಸ್ಕೊಂಡು ಹೋಗೋದಕ್ಕಿಂತ ಕಾಲಿಗೆ ಚಪ್ಪಲಿ ಹಾಕ್ಕೊಂಡು ನಾನೇ ಹೋಗ್ತೀನಿ" ಅಂದರು.

ಸುದ್ದಿ ಹರಡಿತು. ಯಾರ ಮನೆಯ ಪಾಟ್‌ಲಕ್ ಊಟದಲ್ಲೋ ರಾಮಸ್ವಾಮಿ ಅಂಕಲ್ ಪುಳಿಯೋಗರೆ ಕಲೆಸುತ್ತಾ, "ಓದಿದವರು, ಇಷ್ಟೂ ಗೊತ್ತಿರಬೇಡ್ವಾ? ರೂಲ್ಸ್ ಅಂದ್ರೆ ರೂಲ್ಸ್" ಅಂದರು. ತಲೆ ಮಾತ್ರ ಆ ಕಡೆ ಈ ಕಡೆ ತೂಗಾಡುತ್ತಲೇ ಇತ್ತು. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅಂತ ನಾನು ಎಲ್ಲರಿಗೂ ಕೇಳುವ ಹಾಗೇ ಅಂದು ತಟ್ಟೆ ಇಟ್ಟು ಬಂದೆ. ಆ ಕ್ಲಾಸಿನಲ್ಲಿ ಕೂತು ಪ್ರಜೆಗಳಾದವರಲ್ಲಿ ಇಬ್ಬರು ಮಾತ್ರ ಆಂಟಿಯನ್ನು ಬೀಳ್ಕೊಡಲು ಮನೆಗೆ ಬಂದರು. ಉಳಿದವರಿಗೆ ಭಯ, ಆ ಮನೆಗೆ ಹೋದರೆ ತಮಗೂ ಏನಾದರೂ ಅಂಟಿಕೊಂಡೀತು ಅಂತ. ಕೊನೆಯ ವಾರ ಆಂಟಿ ಬೆಳಗಿನಿಂದ ಸಂಜೆಯ ತನಕ ಅಡುಗೆಮನೆಯಲ್ಲೇ ಇದ್ದರು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾಡಿ ಡಬ್ಬಿಗಳಿಗೆ ತುಂಬಿಸಿ ಫ್ರೀಜರಿನಲ್ಲಿ ಜೋಡಿಸಿಟ್ಟರು. ವಿನುತಾ ಬೇಡಮ್ಮಾ ಅಂದಷ್ಟೂ ಮೆಣಸಿನಕಾಯಿ ಹುರಿದರು. ಮನೆ ತುಂಬ ಘಾಟು, ಎಲ್ಲರ ಕಣ್ಣಲ್ಲೂ ನೀರು.

ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಅನಿಕಾ ಅಜ್ಜಿಯ ತೋಳಿಗೆ ಕೆನ್ನೆ ಒತ್ತಿ ಕೂತಿದ್ದಳು. ಅಜ್ಜಿ ಊರಿಗೆ ಹೋಗುತ್ತಿದ್ದಾರೆ ಅಂತ ಮಾತ್ರ ಅವಳಿಗೆ ಗೊತ್ತು. ಹೇಗೆ ಹೇಳುವುದು ಅಂತ ತಿಳಿಯದೆ ವಿನುತಾ ಉಳಿದದ್ದನ್ನು ಹೇಳಿರಲಿಲ್ಲ. ನಮ್ಮ ಹಿರಿಯರೆಲ್ಲ ಕೇಳಿ ಪಡೆಯುವ ಗಾಲಿಕುರ್ಚಿಯಲ್ಲಿ ಆಂಟಿ ಕೂತರು. ಕಾಲು ಗಟ್ಟಿಯಾಗಿದ್ದರೂ, ಯಾವ ಗೇಟಿಗೆ ಹೋಗಬೇಕು ಅಂತ ಹುಡುಕುವ ಶಕ್ತಿ ಇಲ್ಲ ಅಂದಿದ್ದರು. ನನ್ನ ಕೆನ್ನೆ ಸವರಿ, "ಇವಳನ್ನ ನೋಡ್ಕೋ ಸುಧಾ" ಅಂತ ಮಗಳ ಕಡೆ ಕಣ್ಣು ತೋರಿಸಿದರು. ವಿನುತಾ ಅಮ್ಮನ ಮಡಿಲಲ್ಲಿ ಮುಖ ಇಟ್ಟು ನೆಲದ ಮೇಲೇ ಕೂತುಬಿಟ್ಟಳು. ಸುತ್ತ ಜನ ಸೂಟ್‌ಕೇಸು ಎಳೆದುಕೊಂಡು ಓಡಾಡುತ್ತಿದ್ದರು. ಆಂಟಿ ಅವಳ ಕೂದಲು ಸರಿ ಮಾಡುತ್ತಾ ಕೂತಿದ್ದರು.

ಗಾಲಿಕುರ್ಚಿ ತಳ್ಳುವ ಹೆಂಗಸು ಬಂದು ಹೊರಡೋಣವೇ ಅಂದಳು. ಆಗ ಅನಿಕಾ ಅಜ್ಜಿಯ ಸೆರಗು ಹಿಡಿದುಕೊಂಡಳು.

"ಅಜ್ಜಿ, ವೆನ್ ಆರ್ ಯೂ ಕಮಿಂಗ್ ಬ್ಯಾಕ್?"

ವಿನುತಾ ತಲೆ ಎತ್ತಿ ಅಮ್ಮನ ಮುಖ ನೋಡಿದಳು. ನಾನೂ ನೋಡಿದೆ. ಆಂಟಿ ಮೊಮ್ಮಗಳ ಗಲ್ಲ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ತೊದಲದೆ ಹೇಳಿದರು.

"ಯುಗಾದಿಗೆ ಬರ್ತೀನಿ ಕಂದಾ."

ಅಷ್ಟು ವರ್ಷಗಳಲ್ಲಿ ಆ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.